ಸಂತ ಅನ್ನಮ್ಮನ ಮೂಗು

"ಇದು ಗಟ್ಟಿಯಾಗೋವರೆಗೆ ಯಾರೂ ಸೀನಬೇಡಿ" ಎಂದು ಹಲ್ಲಣ್ಣ ಏಣಿಯ ಮೇಲಿಂದ ಹೇಳಿದ. ಕೆಳಗೆ ಏಣಿ ಹಿಡಿದು ನಿಂತಿದ್ದ ಫಾದರ್ ಗಾಬರಿಯಿಂದ ತಮ್ಮ ಮೂಗನ್ನೇ ಒತ್ತಿ ಹಿಡಿದುಕೊಂಡರು.

ಹಲ್ಲಣ್ಣನ ಕಸುಬು ಹಲ್ಲಿನ ಸೆಟ್ ಮಾಡುವುದು. ಚರ್ಚಿನ ಎದುರು ಬೀದಿಯಲ್ಲಿ ಒಂದು ಕೋಣೆ, ಒಂದು ಒರಗು ಕುರ್ಚಿ, ಕಿಟಕಿಯಲ್ಲಿ ಸಾಲಾಗಿ ನಗುವ ಬಾಯಿಗಳು. ಮೂಗು ಅವನ ಇಲಾಖೆಯಲ್ಲ. ಆದರೆ ಸುಣ್ಣ ಬಳಿಯಲು ಬಂದವರ ಏಣಿ ಜಾರಿ, ಗೋಡೆಯ ಗೂಡಿನಲ್ಲಿದ್ದ ಸಂತ ಅನ್ನಮ್ಮನ ಮುಖಕ್ಕೆ ತಾಗಿ, ಮೂಗು ಕಲ್ಲುಹಾಸಿನ ಮೇಲೆ ಬಿದ್ದು ಪುಡಿಯಾಗಿತ್ತು. ರಿಪೇರಿ ಮುಗಿದು ಭಾನುವಾರ ಚರ್ಚು ಮತ್ತೆ ತೆರೆಯಬೇಕು. ನಯವಾದ ಪ್ಲಾಸ್ಟರ್ ಕೆಲಸ ಬಲ್ಲವನು ಊರಿನಲ್ಲಿ ಇವನೊಬ್ಬನೇ.

ಕಷ್ಟವೆಂದರೆ, ಹಳೆಯ ಮೂಗು ಹೇಗಿತ್ತೆಂದು ಯಾರಿಗೂ ಗೊತ್ತಿರಲಿಲ್ಲ. ಚರ್ಚು ಪರಂಗಿಯವರ ಕಾಲದ್ದು. ಕಲ್ಲು ಈ ಊರಿನದು, ಅದನ್ನು ಹೊತ್ತ ಬೆನ್ನುಗಳೂ ಈ ಊರಿನವು. ಗಂಟೆ, ಬಣ್ಣದ ಗಾಜು ಮತ್ತು ಸಂತರು ಮಾತ್ರ ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಹಡಗು ಹತ್ತಿ ಬಂದವರು. ಮುಂದಿನ ಬೆಂಚುಗಳಲ್ಲಿ ದೊರೆಗಳು, ಹಿಂದೆ ನೆಲದ ಮೇಲೆ ಊರವರು. ಅಷ್ಟು ದೂರದಿಂದ ಮೂಗು ಕಂಡದ್ದು ಯಾರಿಗೆ? ದೊರೆಗಳು ಗಂಟುಮೂಟೆ ಕಟ್ಟಿದ ಮೇಲೆ ಊರವರು ಬೆಂಚಿಗೆ ಬಂದರು. ಅಷ್ಟರಲ್ಲಿ ಮೇಣದಬತ್ತಿಯ ಹೊಗೆಗೆ ಅನ್ನಮ್ಮನ ಮುಖ ಮಸಿ ಹಿಡಿದಿತ್ತು. ಫಾದರ್ ಅವರ ಕೋಣೆಯ ಹಳೆಯ ಫೋಟೋದಲ್ಲಿ ದೊರೆಗಳ ಮೀಸೆ ಕೂದಲು ಕೂದಲಾಗಿ ಕಾಣುತ್ತಿತ್ತು. ಅವರ ಹಿಂದಿನ ಅನ್ನಮ್ಮ ಒಂದು ಮಬ್ಬು ಚುಕ್ಕೆ.

"ಮರಿಯಮ್ಮನವರ ತಾಯಿ ಕಣಪ್ಪ. ಯೇಸುಸ್ವಾಮಿಗೆ ಅಜ್ಜಿ, ಜೋಸೆಫರಿಗೆ ಅತ್ತೆ" ಎಂದಿದ್ದರು ಫಾದರ್. "ವಯಸ್ಸಾದ, ಗಟ್ಟಿ ಹೆಂಗಸಿನ ಮೂಗು ಮಾಡು, ಸಾಕು."

ಹಲ್ಲಣ್ಣನ ಬೆರಳುಗಳಿಗೆ ಅಷ್ಟು ಸಾಕಾಯಿತು. ನಡುವೆ ಒಂದು ಗತ್ತಿನ ಏರು, ತುದಿಯಲ್ಲಿ ಎಡಕ್ಕೆ ಕೊಂಚ ಓರೆ. ಒಣಗಿದ ಮೇಲೆ ಬಣ್ಣ ಹಚ್ಚಿ ಕೆಳಗಿಳಿದಾಗ, ತನ್ನ ಕೆಲಸ ನೋಡಿ ತಾನೇ ಹಿಗ್ಗಿದ.

ಸಂಜೆ ನೋಡಲು ಬಂದ ಹೆಂಡತಿ ಒಂದು ಕ್ಷಣ ಬಾಯಿ ತೆರೆದು ನಿಂತಳು.

"ಅಯ್ಯೋ ದೇವರೇ! ರೀ, ಇದು ನಮ್ಮಮ್ಮನ ಮೂಗು!"

ಅವಳು ಬೆಂಚಿನ ಮೇಲೆ ಕುಸಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಲ್ಲಣ್ಣನ ಮುಖ ಸುಣ್ಣದ ಗೋಡೆಯಾಯಿತು.

ಅತ್ತೆಗೂ ಅವನಿಗೂ ಮಾತು ನಿಂತು ವರ್ಷಗಳಾಗಿದ್ದವು, ನಿಂತದ್ದೂ ಈ ಮೂಗಿನ ದೆಸೆಯಿಂದಲೇ. ಮಗಳಿಗೆ ಡಾಕ್ಟರ್ ಗಂಡ ಸಿಗಲಿಲ್ಲವೆಂಬ ಕೊರಗಿನಲ್ಲಿ ಅವರು ಅವನನ್ನು 'ಹಲ್ಲಿನ ಅಂಗಡಿಯವ' ಎನ್ನುತ್ತಿದ್ದರು. ಅದು ಕಿವಿಗೆ ಬಿದ್ದ ದಿನ ಹಲ್ಲಣ್ಣ ಕ್ಷೌರದಂಗಡಿಯಲ್ಲಿ, "ನಮ್ಮತ್ತೆ ಬರೋಕ್ಕಿಂತ ಮುಂಚೆ ಅವರ ಮೂಗು ಬಂದು ಕೂತಿರುತ್ತೆ" ಎಂದುಬಿಟ್ಟಿದ್ದ. ಅಂಗಡಿಯಿಡೀ ನಕ್ಕಿತ್ತು. ಅವನ ಗಡ್ಡದ ನೊರೆ ಆರುವ ಮೊದಲೇ ಮಾತು ಅತ್ತೆಯ ಮನೆ ಮುಟ್ಟಿತ್ತು. ಅಂದಿನಿಂದ ಬೀದಿಯಲ್ಲಿ ಎದುರಾದರೆ ಅವರು ಅವನನ್ನು ದೀಪದ ಕಂಬದಂತೆ ಬಳಸಿ ನಡೆಯುತ್ತಿದ್ದರು.

"ಕಿತ್ತು ಬೇರೆ ಮಾಡ್ತೀನಿ."

"ಒಣಗಿ ಗಟ್ಟಿಯಾಗಿದೆ. ಈಗ ಕಿತ್ರೆ ಕೆನ್ನೆನೂ ಜೊತೆಗೆ ಬರಲ್ವಾ?"

"ಬೇಕಂತ್ಲೇ ಅಣಕಿಸಿದಾನೆ ಅಂತಾರೆ ಕಣೇ ನಿಮ್ಮಮ್ಮ. ಊರೆದುರು!"

"ಅಂದೇ ಅಂತಾರೆ." ಹೆಂಡತಿ ಕಣ್ಣೊರೆಸಿಕೊಂಡು ಮೇಲೆ ನೋಡಿದಳು. "ಆದ್ರೂ ರೀ, ಅವರ ಮುಖ ಸರಿಯಾಗಿ ನೋಡಿ ಎಷ್ಟು ಕಾಲ ಆಯ್ತು. ಇಷ್ಟು ಚೆನ್ನಾಗಿ ಹೇಗೆ ನೆನಪಿತ್ತು ನಿಮಗೆ?"

ಹಲ್ಲಣ್ಣ ಕುಂಚ ತೊಳೆಯುವುದರಲ್ಲಿ ಮುಳುಗಿದ.

ಭಾನುವಾರ ಚರ್ಚು ತುಂಬಿತ್ತು. ಸಾಲಿನಿಂದ ಸಾಲಿಗೆ ಪಿಸುಮಾತು ಹರಿದು, ಸ್ತೋತ್ರದ ನಡುವೆ ಹಲವರ ಭುಜಗಳು ಕುಣಿಯುತ್ತಿದ್ದವು. ಹಲ್ಲಣ್ಣ ಕಂಬದ ಮರೆಯಲ್ಲಿ ನಿಂತಿದ್ದ. ಅತ್ತೆ ತಡವಾಗಿ ಬಂದರು. ನಡುವಿನ ದಾರಿಯಲ್ಲಿ ನೇರವಾಗಿ ನಡೆದು, ಮೇಣದಬತ್ತಿ ಹಚ್ಚಲು ಅನ್ನಮ್ಮನ ಮುಂದೆ ನಿಂತು, ತಲೆ ಎತ್ತಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡು ನೋಡಿದರು. ಹಾಡುವವರ ಸ್ವರ ತಾನಾಗಿಯೇ ತಗ್ಗಿತು.

"ಯಾರ ಹಾಗಿದೆ, ಗೊತ್ತಾಯ್ತಾ?" ಮುಂದಿನ ಬೆಂಚಿನಲ್ಲಿದ್ದ ಅವರ ನೆರೆಮನೆಯಾಕೆಗೆ ತಡೆಯಲಾಗಲಿಲ್ಲ.

"ಗೊತ್ತಾಗದೆ ಏನು?" ಅತ್ತೆಯ ದನಿ ಕಂಬದ ತನಕ ಕೇಳಿಸಿತು. "ಮೂಗು ಅಂದ್ರೆ ಹೀಗಿರ್ಬೇಕು. ಪಾಪ, ಇಷ್ಟು ವರ್ಷ ಆ ತಾಯಿ ಯಾವುದೋ ಪರದೇಶದ ಮೂಗು ಇಟ್ಕೊಂಡು ಕೂತಿದ್ರು."

ಎಂದವರೇ ಮುಂದಿನ ಬೆಂಚಿನಲ್ಲಿ ಜಾಗ ಮಾಡಿಸಿ ಕುಳಿತರು. ಪೂಜೆ ಮುಗಿಯುವ ತನಕ, ಹೋಲಿಸಿ ನೋಡುವವರಿಗೆ ಅನುಕೂಲವಾಗುವಂತೆ ಮುಖವನ್ನು ಒಂದಿಷ್ಟು ಪಕ್ಕಕ್ಕೆ ತಿರುಗಿಸಿಯೇ ಇದ್ದರು.

ಮರುದಿನ ಬೆಳಿಗ್ಗೆ ಹಲ್ಲಣ್ಣ ಒಂದು ಸೆಟ್ಟಿಗೆ ಅರ ಹಾಕುತ್ತ ಕುಳಿತಿದ್ದಾಗ ಬಾಗಿಲಲ್ಲಿ ನೆರಳಾಯಿತು. ಅತ್ತೆ ಒಳಗೆ ಬಂದು, ಯಾರೂ ಹೇಳದೆಯೇ ಒರಗು ಕುರ್ಚಿಯಲ್ಲಿ ಕುಳಿತು ಕಾಲು ಚಾಚಿದರು.

"ಅಳಿಯಂದ್ರೇ, ಕೆಳಗಿನ ಸಾಲು ಅಲ್ಲಾಡ್ತಿದೆ. ಗಟ್ಟಿ ಏನೂ ಅಗಿಯೋಕೆ ಆಗ್ತಿಲ್ಲ."

ಹಲ್ಲಣ್ಣ ಅರ ಕೆಳಗಿಟ್ಟ. "ಯಾವಾಗಿಂದ, ಅತ್ತೆ?"

"ಆಯ್ತು, ಮೂರ್ನಾಲ್ಕು ವರ್ಷ."

"ಅಯ್ಯೋ, ಇಷ್ಟು ದಿನ ಮತ್ತೆ..."

"ಮಾತು ಸಾಕು. ಕೆಲಸ ನೋಡಿ."

ಹಲ್ಲಣ್ಣ ಕೈ ತೊಳೆದ. ಒರೆಸಿಕೊಂಡು ಮತ್ತೊಮ್ಮೆ ತೊಳೆದ. ದೀಪ ಹತ್ತಿರಕ್ಕೆ ಎಳೆದು ಬಗ್ಗಿದಾಗ, ಅತ್ತೆ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ದೊಡ್ಡದಾಗಿ ಬಾಯಿ ತೆರೆದರು.