ಬಿಳಿ ಶೂವಿನ ರೆಫ್ರಿ

ಎಂಜಲು ಹಾರುತ್ತಿದೆ ಕಜೆಟನ್ ಮಾಸ್ಟ್ರ ಬಾಯಿಂದ, ನಾಲ್ಕು ಗಂಟೆಯ ಬಿಸಿಲಿಗೆ ಮಿನುಗಿ ಹನಿಹನಿಯಾಗಿ ಬೊನಿಫಾಸನ ಕಾಲರಿನ ಮೇಲೆ ಇಳಿಯುತ್ತಿದೆ, ಇಳಿಯಲಿ, ಒರೆಸಿಕೊಳ್ಳಬಾರದು, ಒರೆಸಿಕೊಂಡ ರೆಫ್ರಿ ಸೋತ ಹಾಗೆ, ನೋಡಬೇಕಾದ್ದು ಕೋಚಿನ ಅಂಗಿಯ ಮೂರನೇ ಗುಂಡಿಯನ್ನು ಮಾತ್ರ — ಮುಖ ನೋಡಿದರೆ ನಗು ಬರುತ್ತದೆ, ನೆಲ ನೋಡಿದರೆ ತಪ್ಪು ಮಾಡಿದವನ ಹಾಗೆ ಕಾಣುತ್ತದೆ — ಹನ್ನೊಂದು ವರ್ಷದಲ್ಲಿ ಮಂಗಳೂರಿನ ಅಷ್ಟೂ ಕೋಚುಗಳ ಮೂರನೇ ಗುಂಡಿ ಅವನಿಗೆ ಬಾಯಿಪಾಠ, ಯಾರದ್ದು ಚಿಪ್ಪಿನದ್ದು, ಯಾರದ್ದು ತಗಡಿನದ್ದು, ಯಾರ ಹೆಂಡತಿ ಬಿಳಿ ಅಂಗಿಗೆ ಕಪ್ಪು ನೂಲಲ್ಲಿ ಹೊಲಿದಿದ್ದಾಳೆ, ಕಜೆಟನದ್ದು ಅರ್ಧ ಒಡೆದದ್ದು, ಅದರ ಹಿಂದೆ ಹಂಡೆಯಷ್ಟು ದೊಡ್ಡ ಹೊಟ್ಟೆ, ಈ ಹೊಟ್ಟೆ ಜೆಪ್ಪುವಿನ ಹುಡುಗರಿಗೆ ಓಡುವುದು ಕಲಿಸುತ್ತದಂತೆ, ದೇವಾ ಸಾಯ್ಬಾ, ನನ್ನ ಹುಡುಗ ಗೆರೆ ಎಲ್ಲಿ ಮೆಟ್ಟಿದ ಹೇಳಿ ಮಾರಾಯ್ರೆ, ಎಲ್ಲಿ ಮೆಟ್ಟಿದ, ನಿಮಗೆ ಕಣ್ಣುಂಟಾ — ಉಂಟು ಮಾಸ್ಟ್ರೆ, ಎರಡುಂಟು, ನಿಮ್ಮ ನಾಲಿಗೆಗಿಂತ ಒಂದು ಹೆಚ್ಚು, ಆದರೆ ಹೇಳಬಾರದು, ಒಂದು ಮಾತು ಕೊಟ್ಟರೆ ಕೋಚು ನೂರು ತೆಗೆದುಕೊಳ್ಳುತ್ತಾನೆ, ಬಾಯಿಗೆ ವಿಸಿಲ್ ಸಿಕ್ಕಿಸಿ, ಕಂಕುಳಲ್ಲಿ ಬಾಸ್ಕೆಟ್‌ಬಾಲ್ ಚೆಂಡು ಇಟ್ಟು, ವಿಸಿಲ್ ಊದಿದ ಜಾಗದಿಂದ ಒಂದು ಅಂಗುಲ ಅಲುಗದೆ ನಿಲ್ಲಬೇಕು, ಎಂಜಲು ಒಣಗುವ ತನಕ, ಎಂಥ ಕೋಚಿನ ಎಂಜಲೂ ಐದು ನಿಮಿಷಕ್ಕೆ ಒಣಗುತ್ತದೆ, ಆಮೇಲೆ ಮೆಲ್ಲ, ಬಹಳ ಮೆಲ್ಲ, ಕ್ಯಾಪ್ಟನ್ ಬರಲಿ, ನಿಮ್ಮೊಡನೆ ನನಗೆ ಮಾತಿಲ್ಲ, ಅಷ್ಟೇ ಮದ್ದು, ಅದಕ್ಕೂ ಬಗ್ಗದಿದ್ದರೆ ಟೆಕ್ನಿಕಲ್ ಫೌಲ್, ಐವತ್ತೇಳರಲ್ಲಿ ಒಬ್ಬನಿಗೆ ಕೊಟ್ಟ ಫೌಲಿನ ವಿಸಿಲ್ ನೇತ್ರಾವತಿ ದಾಟಿ ತೊಕ್ಕೊಟ್ಟಿನಲ್ಲಿ ಕೇಳಿ ದೋಣಿಯವರೆಲ್ಲ ಹುಟ್ಟು ಮೇಲೆತ್ತಿ ನಿಂತರಂತೆ, ಆ ಕೋಚು ಮರುದಿನವೇ ಆಟ ಬಿಟ್ಟು ಬೀಡಿ ಎಲೆಯ ವ್ಯಾಪಾರಕ್ಕೆ ಇಳಿದ, ಇವತ್ತಿಗೂ ಪೊಲೀಸು ವಿಸಿಲ್ ಕೇಳಿದರೆ ಅಂಗಡಿಯೊಳಗೆ ಕೂತಲ್ಲೇ ಬೆವರುತ್ತಾನೆ.

ಹನ್ನೊಂದು ವರ್ಷ, ಒಂದೇ ಒಂದು ತೀರ್ಪು ಹಿಂದೆ ತೆಗೆದುಕೊಂಡದ್ದಿಲ್ಲ, ಒಂದೇ ಒಂದು — ಸೋಮವಾರದಿಂದ ಶನಿವಾರದವರೆಗೆ ಹೆಂಚಿನ ಕಾರ್ಖಾನೆಯ ಆಫೀಸಿನಲ್ಲಿ ಮ್ಯಾನೇಜರು ಕೆಮ್ಮಿದರೂ ಎಸ್ ಸರ್ ಎನ್ನುವ ಬೊನಿಫಾಸ ಭಾನುವಾರ ಈ ಕೊಡಿಯಾಲ್‌ಬೈಲಿನ ಮಣ್ಣಿನ ಕೋರ್ಟಿಗೆ ಕಾಲಿಟ್ಟರೆ ಕಾಗೆಯೂ ಕೇಳದೆ ಕೂಗುವುದಿಲ್ಲ, ಆ ಕಾಲು ಎಂಥ ಕಾಲು, ಶನಿವಾರ ಸಂಜೆ ಸೀಮೆಸುಣ್ಣ ಅರೆದು ಮೂರು ಕೋಟು ಬಳಿದ ಕ್ಯಾನ್ವಾಸ್ ಶೂ, ಜಿಲ್ಲೆಯಲ್ಲೇ ಇಷ್ಟು ಬಿಳಿ ಇನ್ನೊಂದಿಲ್ಲ, ಇಗರ್ಜಿಯ ಪೂಜೆಗೆ ಹೋಗುವಾಗ ಸಹ ಇಷ್ಟು ಬಿಳಿ ಇರುವುದಿಲ್ಲವಲ್ಲ ನಿಮ್ಮದು, ಯಾರಿಗೆ ತೋರಿಸ್ಲಿಕ್ಕೆ, ಎಂದಳು ಡುಲ್ಸಿನ್ ಇವತ್ತು ಬೆಳಿಗ್ಗೆ, ಹೆಂಡತಿಗೆ ಏನು ಗೊತ್ತು, ದೇವರು ಕ್ಷಮಿಸುತ್ತಾನೆ, ಕೋಚುಗಳು ಕ್ಷಮಿಸುತ್ತಾರೆಯೇ, ಅದರಲ್ಲೂ ಈ ಕಜೆಟನ್, ಹನ್ನೊಂದು ವರ್ಷದಲ್ಲಿ ಒಮ್ಮೆಯಾದರೂ ಹೌದು ಬೊನಿಫಾಸರೇ ನೀವು ಹೇಳಿದ್ದೇ ಸರಿ ಎಂದಿದ್ದಾನೆಯೇ, ಆ ಒಂದು ಮಾತು ಈ ಬಾಯಿಂದ ಬಿದ್ದರೆ ಸಾಕು, ಗ್ಲಾಸು ಹಾಕಿಸಿ ಗೋಡೆಗೆ ತೂಗು ಹಾಕಬಹುದು — ನಾಲ್ಕು ಸೆಕೆಂಡು ಉಂಟು, ಎಂದು ಮೇಜಿನ ಹಿಂದಿನಿಂದ ನಿತ್ಯಾನಂದ ಟೈಮ್‌ಪೀಸ್ ಎತ್ತಿ ತೋರಿಸುತ್ತಾನೆ, ನಾಲ್ಕೇ ಸೆಕೆಂಡು, ಮೂವತ್ತಾರು ಮೂವತ್ತೈದು, ಕೊಡಿಯಾಲ್‌ಬೈಲಿನವರು ಒಂದು ಮೇಲೆ, ಜೆಪ್ಪುವಿನ ಆ ಕಡ್ಡಿ ಹುಡುಗ ಚೆನ್ನಪ್ಪ ಬರಿಗಾಲಲ್ಲಿ ಕೋರ್ಟಿನ ಅಂಚಿನ ಸುಣ್ಣದ ಗೆರೆಯ ಬದಿಯಲ್ಲೇ ಹಾವಿನಂತೆ ಹರಿದು ಬಂದು ಹಾರಿ ಹಾಕಿದ ಬಾಸ್ಕೆಟ್ ಬಿದ್ದದ್ದು ನಿಜ, ಆದರೆ ಅದಕ್ಕೆ ಮೊದಲೇ ಬೊನಿಫಾಸ ಊದಿಯಾಗಿತ್ತು, ಕಣ್ಣಂಚಿನಲ್ಲಿ ಕಂಡಿತ್ತಲ್ಲ, ಕೆಂಪು ಕಾಲು, ಅದರಡಿಯಲ್ಲಿ ಬಿಳಿ, ಗೆರೆ ಮೆಟ್ಟಿದ, ಬಾಸ್ಕೆಟ್ ಇಲ್ಲ, ಮುಗಿಯಿತು.

ಮುಗಿಯಲಿಲ್ಲ, ಕಜೆಟನ್ ಹ್ಯಾಟು ತೆಗೆದು ನೆಲಕ್ಕೆ ಬಡಿದ, ಸುಣ್ಣ ಮೆಟ್ಟಿದರೆ ಕಾಲಿಗೆ ಹತ್ತಬೇಕಲ್ಲ, ಬಾ ಚೆನ್ನಪ್ಪ, ಕಾಲು ಎತ್ತು, ಇಡೀ ಮಂಗಳೂರು ನೋಡ್ಲಿ, ಹುಡುಗ ಇಜ್ಜಿ ಸರ್, ನಾನು ಮೆಟ್ಟಲಿಲ್ಲ ಸರ್ ಎನ್ನುತ್ತ ಎಡಗೈಯಲ್ಲಿ ಮಾಸ್ಟ್ರ ಹೆಗಲು ಹಿಡಿದು ಬಲಗಾಲು ಎತ್ತಿದ — ಅಂಗಾಲು ತುಂಬ ಕೆಂಪು ಮಣ್ಣು, ತುದಿಯಲ್ಲಿ ಮೂರು ಬೆರಳು, ಬಿಳಿ. ಬೆಳ್ಳಗೆ ಬಿಳಿ. ಓಹೋ ಎಂದಿತು ಜನ, ಮಾವಿನ ಮರದ ಕೊಂಬೆಯಲ್ಲಿ ಕೂತವರೂ ಓಹೋ, ಬೊನಿಫಾಸನ ಮನಸ್ಸೂ ಓಹೋ, ಹೋಗಿ ಮಾಸ್ಟ್ರೆ, ಹೋಗಿ ಹುಡುಗರ ಕಾಲು ತೊಳೆಯಿರಿ, ಹೆಬ್ಬೆಟ್ಟು ಒತ್ತಿ ಕೊಟ್ಟ ಹಾಗೆ ಒಪ್ಪಿಸಿದಿರಲ್ಲ ಸಾಕ್ಷಿಯನ್ನು ನೀವೇ, ಇಂಥ ಕೋಚು ಇದ್ದರೆ ಎದುರಾಳಿ ಯಾಕೆ ಬೇಕು, ಹುಡುಗ ತನ್ನ ಕಾಲನ್ನೇ ನೋಡುತ್ತ ಅದು ಬೇರೆ ಯಾರದ್ದೋ ಎಂಬ ಹಾಗೆ ನಿಂತಿದ್ದಾನೆ, ಆಗ ಕೇಳಿತು, ಹನ್ನೊಂದು ವರ್ಷ ಕಾದ ಕಿವಿಗೆ ಕೇಳಿತು, ಹೌದು ಬೊನಿಫಾಸರೇ, ನೀವು ಹೇಳಿದ್ದೇ ಸರಿ, ಸಾರಿ, ತಪ್ಪು ನನ್ನದು, ಹುಡುಗ ನನ್ನೊಡನೆ ಸುಳ್ಳು ಹೇಳಿದ, ಏಯ್ ಚೆನ್ನಪ್ಪ, ನಾಳೆಯಿಂದ ನೀನು ಆಟಕ್ಕೆ ಬರುವುದು ಬೇಡ, ಎಂದು ಕಜೆಟನ್ ಹ್ಯಾಟು ಹೆಕ್ಕಲು ಬಗ್ಗಿದ, ಮೂರನೇ ಗುಂಡಿ ಕೆಳಗಿಳಿಯಿತು, ಅದರ ಬೆನ್ನಿಗೆ ಬೊನಿಫಾಸನ ಕಣ್ಣೂ ಇಳಿಯಿತು, ನೆಲದವರೆಗೆ.

ಸುಣ್ಣದ ಗೆರೆ ಕತ್ತರಿಸಿಟ್ಟ ಹಾಗೆ ಇತ್ತು, ಎಲ್ಲೂ ಒಂದು ಕಾಳಿನಷ್ಟು ಅಳಿಸಿಲ್ಲ. ಗೆರೆಯ ಒಳಗೆ ಒಂದು ಗೇಣು ಬೊನಿಫಾಸನದೇ ಬಲಗಾಲಿನ ಬಿಳಿ ಶೂ, ಅದರ ತುದಿಯಲ್ಲಿ ಮೂರು ಬೆರಳು, ಕೆಂಪು — ಆಗ, ಹುಡುಗ ಹರಿದು ಬಂದಾಗ, ಶೂವಿನ ಮೇಲೆ ಏನೋ ಒತ್ತಿದ ಹಾಗೆ ಆಗಿತ್ತಲ್ಲ, ಇಲ್ಲ, ಹೌದು, ಆಗಿತ್ತು — ಚೆಂಡು ಇನ್ನೂ ಕಂಕುಳಲ್ಲಿಯೇ ಇದೆ, ಅದನ್ನು ಕೊಡುವವರೆಗೆ ತೀರ್ಪು ತಿದ್ದಬಹುದು, ರೂಲು ಅವನಿಗಿಂತ ಚೆನ್ನಾಗಿ ಬಲ್ಲವರು ಮದ್ರಾಸಿನವರೆಗೆ ಯಾರೂ ಇಲ್ಲ, ಒಂದು ಮಾತು, ತಪ್ಪಾಯಿತು, ಬಾಸ್ಕೆಟ್ ಉಂಟು, ಅಷ್ಟೇ, ಹುಡುಗ ಅಳುತ್ತಿದ್ದಾನೆ, ಎಂತ ರೆಫ್ರಿಯವರೇ, ಶುರು ಮಾಡುವುದಾ, ಎನ್ನುತ್ತಾನೆ ನಿತ್ಯಾನಂದ, ಎಡಗಾಲಿನ ಶೂ ತಾನಾಗಿ ಸರಿದು ಬಲಗಾಲಿನ ಮೇಲೆ ಹತ್ತಿ ನಿಂತಿತು, ಕೈ ಚೆಂಡನ್ನು ಕೊಡಿಯಾಲ್‌ಬೈಲಿನ ಹುಡುಗನಿಗೆ ಕೊಟ್ಟಿತು, ಬಾಯಿ ವಿಸಿಲ್ ಊದಿತು, ನಾಲ್ಕು ಸೆಕೆಂಡು, ಗಂಟೆ ಬಡಿಯಿತು, ಜನ ಕಿರುಚುತ್ತ ಒಳಗೆ ನುಗ್ಗಿದರು, ಬೊನಿಫಾಸ ಮಾತ್ರ ಕೊಕ್ಕರೆಯಂತೆ ಒಂದೇ ಕಾಲಲ್ಲಿ, ಕಜೆಟನ್ ಕೈ ಚಾಚಿಕೊಂಡು ಬರುತ್ತಿದ್ದಾನೆ, ಬರಲಿ, ಈ ಕೋಚುಗಳೆಂದರೆ — ಮೂರು ಬೆರಳು — ಈ ಹೊಟ್ಟೆ, ಈ ಒಡಕು ಗುಂಡಿ, ಇವನಿಗೆ ಆಟದ ಒಂದು ಅಕ್ಷರ — ಮೂರು ಬೆರಳು, ಕೆಂಪು — ಕೈ ಕುಲುಕುವಾಗ ಕಾಲು ಜಾರಬಾರದು, ಜಾರಬಾರದು — ಬಿಳಿಯ ಮೇಲೆ ಮೂರು ಬೆರಳು, ಕೆಂಪು, ಚಿಕ್ಕವು.