ಹನ್ನೊಂದು ನಂಬರಿನ ಬೂಟು

ಕೀರ್ತನನ ಮೊದಲ ಏಟು ಚೇತನನ ಕಿವಿಯ ಮೇಲೆ ಬಿದ್ದಾಗ ಚಟ್ಟದ ಹಿಂಬದಿ ಅವನ ಕೈಜಾರಿ ನೆಲಕ್ಕೆ ಬಡಿಯಿತು. ದೂಮಪ್ಪನವರ ತಲೆ ಒಂದು ಪಕ್ಕಕ್ಕೆ ವಾಲಿತು. ದವಡೆಗೆ ಬಿಗಿದಿದ್ದ ಬಿಳಿ ಬಟ್ಟೆ ಜಾರಿ ಮೂಗಿನ ಮೇಲೆ ಬಂತು.

“ಏಯ್, ಹೆಣ ಮಾರಾಯಾ, ಹೆಣ!” ಮುಂದಿನ ತುದಿ ಹಿಡಿದಿದ್ದ ಬೊನಿಫಾಸ್ ಕೂಗಿದ. ಚಟ್ಟಕ್ಕೆ ಬಿದಿರು ಸಿಕ್ಕಿರಲಿಲ್ಲ. ಕಾರ್ಖಾನೆಯ ಎರಡಿಂಚಿನ ಪೈಪುಗಳನ್ನೇ ಕಟ್ಟಿದ್ದರು. ಅವು ಸಿಮೆಂಟಿನ ಮೇಲೆ ಇನ್ನೂ ಗುಂಯ್‌ಗುಡುತ್ತಿದ್ದವು.

ಚೇತನ್ ತಿರುಗಿ ಹೊಡೆದ. ಕೀರ್ತನನ ಮೇಲ್ದುಟಿ ಹಲ್ಲಿಗೆ ಒತ್ತಿ ಸೀಳಿತು.

“ಮುಟ್ಬೇಡ ಅಂದೆ ತಾನೆ?” ಚೇತನ್ ಕಿರುಚಿದ. “ಅವರ ದವಡೆ ಮುರಿದಿದ್ದು ಇದೇ ಕೈ ಕಣೋ. ಈಗ ಹೆಗಲು ಕೊಡಕ್ಕೆ ಬಂದ್ಬಿಟ್ಟ!”

“ನನ್ನ ಮಾವ ಅವರು. ಅಮ್ಮನ ಸ್ವಂತ ಅಣ್ಣ. ಕೇಳ್ಲಿಕ್ಕೆ ನೀನು ಯಾರು?”

“ಟೀಮಿನ ಕ್ಯಾಪ್ಟನ್. ನೀನು ಬಂದ ಬಸ್ಸು ಅಲ್ಲೇ ನಿಂತಿದೆ ನೋಡು. ಹತ್ಕೊಂಡು ರುಸೈಲ್‌ಗೆ ಹೋಗು.”

ಇಬ್ಬರೂ ಮತ್ತೆ ಮೈಮೇಲೆ ಬಿದ್ದರು. ಕೀರ್ತನ್ ಬಗ್ಗಿ ಸೊಂಟ ಹಿಡಿದು ಎತ್ತಿ ಒಗೆದ. ಚೇತನನ ಬೆನ್ನು ಸ್ಮಶಾನದ ಕಬ್ಬಿಣದ ಗೇಟಿಗೆ ಬಡಿಯಿತು. ಆಂಬುಲೆನ್ಸಿನ ಒಮಾನಿ ಚಾಲಕ “ಖಲಾಸ್! ಖಲಾಸ್!” ಎಂದು ನಡುವೆ ನುಗ್ಗಿದ. ಅವನ ಬಿಳಿ ಅಂಗಿಯ ತೋಳಿಗೆ ರಕ್ತ ಹತ್ತಿತು.

ಸ್ವರ್ಣಲತಾ ಕಾರಿನಿಂದ ಇಳಿದು ಬಂದರು. ಹೊಡೆದಾಡುವವರತ್ತ ನೋಡಲಿಲ್ಲ. ಗಂಡನ ತಲೆಯ ಬಳಿ ಕುಳಿತು, ಜಾರಿದ ಬಟ್ಟೆಯನ್ನು ಮತ್ತೆ ದವಡೆಯ ಕೆಳಗೆ ತಂದು, ನೆತ್ತಿಯ ಮೇಲೆ ಗಂಟು ಹಾಕಿದರು. ಹದಿನಾರರ ಮಗಳು ತೃಷಾ ಹಿಂದೆ ನಿಂತಿದ್ದಳು.

“ಎತ್ತಿ. ಬೆಂಕಿ ಯಾರು ಕೊಡುವುದು ಅಂತ ಒಳಗೆ ಹೇಳ್ತೇನೆ.”

*

ಒಮಾನಿನ ಸೊಹಾರ್‌ನ ಆ ಪೈಪು ಕಾರ್ಖಾನೆಯ ಮ್ಯಾನೇಜರ್ ಆಸ್ಟ್ರೇಲಿಯಾದವನು. ತನ್ನ ದೇಶದ ಫುಟ್‌ಬಾಲ್ ಎಂದರೆ ಅವನಿಗೆ ಹುಚ್ಚು. ಮೊಟ್ಟೆಯಾಕಾರದ ಚೆಂಡು, ಅದನ್ನು ಒದೆಯಬಹುದು, ಹಿಡಿದು ಓಡಬಹುದು, ಓಡುವವನನ್ನು ತಬ್ಬಿ ನೆಲಕ್ಕೆ ಕೆಡವಬಹುದು. ಆರು ಕಾರ್ಖಾನೆಗಳ ಸಾಹೇಬರು ಸೇರಿ ಒಂದು ಲೀಗ್ ಮಾಡಿದ್ದರು. ಆಡುವವನು ಆಯಾ ಕಾರ್ಖಾನೆಯ ನೌಕರನೇ ಆಗಿರಬೇಕು. ಅವರ ದೇಶದಲ್ಲಿ ತಂಡದ ಒಟ್ಟು ಸಂಬಳಕ್ಕೆ ಮಿತಿ ಇರುತ್ತದೆ. ಹಣವಿದ್ದವರೇ ಎಲ್ಲ ಒಳ್ಳೆಯ ಆಟಗಾರರನ್ನು ಕೊಂಡುಬಿಡಬಾರದೆಂದು. ಇಲ್ಲಿ ಆಟಕ್ಕೆ ಸಂಬಳವಿಲ್ಲದ ಕಾರಣ ಪಾಯಿಂಟಿನ ಮಿತಿ ಇಟ್ಟರು. ಹನ್ನೆರಡು ಜನ, ಮೂವತ್ತು ಪಾಯಿಂಟು. ಆ ಆಟವನ್ನೇ ಆಡುತ್ತ ಬೆಳೆದವನಿಗೆ ಐದು. ಇಲ್ಲಿಗೆ ಬಂದು ಕಲಿತವನಿಗೆ ಒಂದು, ಕಲಿತಂತೆಲ್ಲ ಏರಿಕೆ.

ಸ್ಟೋರ್‌ಕೀಪರ್ ದೂಮಪ್ಪ ಒಂದು ಕಾಲಕ್ಕೆ ಕಟಪಾಡಿಯ ಕಬಡ್ಡಿ ತಂಡದಲ್ಲಿ ಆಡಿದವರು. ಕರಾವಳಿಯ ಕಬಡ್ಡಿ ಹುಡುಗರು ಲೆಕ್ಕದಲ್ಲಿ ಒಂದೇ ಪಾಯಿಂಟು, ಹಿಡಿತದಲ್ಲಿ ಐದು ಎಂಬುದು ಅವರಿಗೆ ಮೊದಲು ಹೊಳೆಯಿತು. ಹಾಗೆ ತಂಗಿಯ ಮಗ ಕೀರ್ತನ್ ವೆಲ್ಡರ್ ಆಗಿ ಬಂದ. ಅವನಿಗೆ ಒಂದೇ ಒಂದು ಹಿಡಿತವನ್ನು ಮರೆಸಬೇಕಾಯಿತು. “ಕಾಲಿನ ಗಿಣ್ಣು ಹಿಡಿಯಬಾರ್ದು. ಕಬಡ್ಡಿಯಲ್ಲಿ ಅದು ವಿದ್ಯೆ, ಇಲ್ಲಿ ಫೌಲು.” ಎರಡು ವರ್ಷ ಸೊಹಾರ್ ಗೆದ್ದಿತು. ಕಾರ್ಖಾನೆಗಳ ನಡುವೆ ಆಟಗಾರರನ್ನು ಅದಲುಬದಲು ಮಾಡುವ ಕೆಲಸವನ್ನೆಲ್ಲ ಮ್ಯಾನೇಜರ್ ದೂಮಪ್ಪನವರಿಗೇ ಬಿಟ್ಟ.

ಎರಡು ಸಾವಿರದ ಹದಿನಾರರ ಫೆಬ್ರವರಿ. ಕಚ್ಚಾ ಎಣ್ಣೆಯ ಬೆಲೆ ಪೀಪಾಯಿಗೆ ಮೂವತ್ತು ಡಾಲರಿನ ಆಸುಪಾಸಿಗೆ ಕುಸಿದಿತ್ತು. ಮೆಸ್ಸಿನ ಬೋರ್ಡಿನ ಮೇಲೆ ದೂಮಪ್ಪನವರ ದುಂಡು ಅಕ್ಷರ: ಕೀರ್ತನ್ ರುಸೈಲ್ ಕಾರ್ಖಾನೆಗೆ. ಬದಲಿಗೆ ಬರುವವನು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಆಡುವ ಒಬ್ಬ ಎರಡು ಪಾಯಿಂಟಿನವನು.

ಕೀರ್ತನ್ ಮೇಜನ್ನೇ ಮಗುಚಿದ. ಸಾರಿನ ಪಾತ್ರೆ ಗೋಡೆಗೆ ಬಡಿಯಿತು.

“ಮಾವ, ನನ್ನನ್ನು ಮಾರಿದ್ದಾ?”

“ಬದಲಿ ಅದು, ಮಾರಿದ್ದಲ್ಲ.”

“ಕುಂಟನಿಗೆ ಬದಲಿ!”

ದೂಮಪ್ಪ ಅಂಗಿಯ ಮೇಲಿನ ಅನ್ನದ ಅಗುಳನ್ನು ತೆಗೆಯುತ್ತ ಎಲ್ಲರಿಗೂ ಕೇಳುವಂತೆ ಹೇಳಿದರು: “ಮುಂದಿನ ಸೀಸನ್‌ಗೆ ನಿನ್ನನ್ನು ಐದು ಮಾಡ್ತಾರೆ. ಇಬ್ಬರು ಸಾಹೇಬರು ಹತ್ತು, ನೀನು ಐದು. ಉಳಿದ ಒಂಬತ್ತು ಜನಕ್ಕೆ ಹದಿನೈದೇ. ನೀನಿಲ್ಲದಿದ್ದರೆ ಹತ್ತು ಜನಕ್ಕೆ ಇಪ್ಪತ್ತು.”

ಪಕ್ಕದಲ್ಲಿದ್ದ ಮ್ಯಾನೇಜರ್ ಆ ಜಾಣತನಕ್ಕೆ ಅವರ ಬೆನ್ನು ತಟ್ಟಿದ. ಕೀರ್ತನ್ ಮಾವನ ಮುಖದ ಮುಂದೆ ನೆಲಕ್ಕೆ ಉಗುಳಿ ಹೋದ. ಮೇ ತಿಂಗಳೊಳಗೆ ದೂಮಪ್ಪ ಇನ್ನೂ ನಾಲ್ವರನ್ನು ಹಾಗೆಯೇ ಕಳಿಸಿದರು. ಆಮೇಲೆ ಸೊಹಾರ್ ಒಂದು ಆಟವನ್ನೂ ಗೆಲ್ಲಲಿಲ್ಲ.

*

ಕಟ್ಟಿಗೆ ಸಾಲದೆ ಸ್ಟೋರಿನಿಂದ ಪ್ಯಾಲೆಟ್ಟುಗಳನ್ನು ತಂದಿದ್ದರು. ಅವುಗಳ ಹಲಗೆಯ ಮೇಲೆ ದೂಮಪ್ಪನವರೇ ಬರೆದ ನಂಬರುಗಳಿದ್ದವು. ಅದೇ ಸ್ಟೋರಿನಲ್ಲಿ, ಕಪಾಟುಗಳ ನಡುವೆ, ಮೊನ್ನೆ ಅವರ ಹೃದಯ ನಿಂತಿತ್ತು. ಕೆಲಸದಿಂದ ಬಿಡಿಸಿದ ನೋಟಿಸು ಬಂದಾಗಿತ್ತು. ಸಾಮಾನು ಎಣಿಸಿ ಒಪ್ಪಿಸುವುದಕ್ಕಷ್ಟೇ ಉಳಿದಿದ್ದರು.

“ಮೇಡಂ, ಒಂದ್ ಮಾತು,” ಚೇತನ್ ಕಿವಿ ಒತ್ತಿಕೊಂಡು ಹೇಳಿದ. “ಇವನು ಮಾತ್ರ ಬೇಡ. ಸಾರ್ ದವಡೆಗೆ ಪ್ಲೇಟು ಹಾಕಿಸ್ಕೊಂಡು ಆರು ವಾರ ಸ್ಟ್ರಾದಲ್ಲಿ ಗಂಜಿ ಕುಡಿದ್ರು. ನಾನೇ ಕಣ್ಣಾರೆ ನೋಡಿದೀನಿ.”

“ನಮ್ಮ ಕಡೆ ಮಗನಿಲ್ಲದಿದ್ದರೆ ತಂಗಿಯ ಮಗನೇ,” ಎಂದರು ಸ್ವರ್ಣಲತಾ. ಆಮೇಲೆ ಕೀರ್ತನನ ಕಡೆ ತಿರುಗಿದರು. “ಆದ್ರೆ ಮೊದಲು ಹೇಳು. ಯಾಕೆ ಹೊಡೆದದ್ದು? ಅವರನ್ನು ಕೇಳಿದೆ, ಹೇಳ್ಲಿಲ್ಲ. ಇವತ್ತು ನೀನು ಹೇಳ್ಬೇಕು.”

ಕೀರ್ತನ್ ತುಟಿಯ ರಕ್ತವನ್ನು ನುಂಗಿದ.

“ತಮಾಷೆ ಮಾಡಿದ್ರು, ಮಾಮಿ. ನನ್ನನ್ನು ಮಾರಿ, ಮೇಲಿಂದ ತಮಾಷೆ.”

*

ಅದೇ ವರ್ಷ ಡಿಸೆಂಬರಿನ ಒಂದು ಶುಕ್ರವಾರ ಸೊಹಾರ್ ತಂಡಕ್ಕೆ ಹನ್ನೊಂದೇ ಜನ. ಅರವತ್ತು ನೌಕರರು ಆಗಲೇ ವಿಮಾನ ಹತ್ತಿ ಊರು ಸೇರಿದ್ದರು. ಐವತ್ತು ವಯಸ್ಸಿನ ದೂಮಪ್ಪ ಸಡಿಲ ಜೆರ್ಸಿ ಹಾಕಿಕೊಂಡು ಇಳಿದರು. ರುಸೈಲ್‌ನವರು ಅವರ ತಂಡವನ್ನು ಮೂರನೇ ಕ್ವಾರ್ಟರಿನ ಹೊತ್ತಿಗೆ ಜಜ್ಜಿ ಹಾಕಿದ್ದರು. ಒಬ್ಬನ ಹೆಗಲು ಕಳಚಿತ್ತು. ಇನ್ನೊಬ್ಬ ಗೆರೆಯಾಚೆ ಮಂಡಿಯೂರಿ ವಾಂತಿ ಮಾಡಿಕೊಳ್ಳುತ್ತಿದ್ದ.

ಕೀರ್ತನ್ ಚೆಂಡು ಹಿಡಿದು ನೇರ ಮಾವನ ಮೇಲೆ ನುಗ್ಗಿದ. ಪಕ್ಕದಿಂದ ತಪ್ಪಿಸಿಕೊಂಡು ಹೋಗಬಹುದಿತ್ತು, ಹೋಗಲಿಲ್ಲ. ಭುಜದಿಂದ ಎದೆಗೆ ಗುದ್ದಿ ಕೆಡವಿ ದಾಟಿದ. ಆಗ ಬಿದ್ದಲ್ಲಿಂದಲೇ ಮೂವತ್ತು ವರ್ಷ ಹಿಂದಿನ ಎರಡು ಕಬಡ್ಡಿ ಕೈಗಳು ಅವನ ಗಿಣ್ಣಿಗೆ ಬಿಗಿದವು. ಕೀರ್ತನ್ ಮಕಾಡೆ ಬಿದ್ದ. ಅಂಪೈರ್ ಸೀಟಿ ಊದಿದ. ದೂಮಪ್ಪ ಬಿಡಲಿಲ್ಲ. ಬಾಯಿಗೆ ಮಣ್ಣು ಮೆತ್ತಿತ್ತು. ಕೈಯಲ್ಲಿದ್ದ ಪಾದವನ್ನು ನೋಡುತ್ತ, ಏದುಸಿರಿನಲ್ಲಿ ಕೇಳಿದರು:

“ಅಲ್ಲಿ ನಿನ್ನ ಅಳತೆಯ ಬೂಟು ಕೊಟ್ರಾ?”

ಕೀರ್ತನ್ ಹೊರಳಿ ಹೊಡೆದ. ಮೊದಲ ಗುದ್ದಿಗೆ ಹಲಗೆ ಸೀಳಿದಂಥ ಸದ್ದು ಬಂತು. ಸದ್ದು ಕೇಳಿದ ಮೇಲೂ ಎರಡು ಬಾರಿ ಹೊಡೆದ. ಮೂರನೆಯದಕ್ಕೆ ದೂಮಪ್ಪನವರ ಕೈ ಸಡಿಲವಾಯಿತು.

*

“ಬೂಟು ಅಂತ ಕೇಳಿದ್ರಾ?” ಬೊನಿಫಾಸ್‌ನ ಧ್ವನಿ ಕೀರಲಾಯಿತು. “ಅದಕ್ಕೆ ಹೊಡೆದದ್ದಾ ನೀನು?”

ಮುಂದೆ ಬಂದು ಕೀರ್ತನನ ಕೆನ್ನೆಗೆ ಬಾರಿಸಿದ. ಇಪ್ಪತ್ತು ವರ್ಷ ಆಫೀಸಿನಲ್ಲಿ ಟೈಪ್ ಮಾಡಿದ ಬಡಕಲು ಕೈ. ಆದರೂ ಒಡೆದ ತುಟಿಯಿಂದ ರಕ್ತ ಚಿಮ್ಮಿತು. ಕೀರ್ತನ್ ಮುಷ್ಟಿ ಎತ್ತಿದ. ಮುದುಕ ಹಿಂದೆ ಸರಿಯಲಿಲ್ಲ.

“ನಿನ್ನ ಕಾಲಿನ ನಂಬರು ಎಷ್ಟು? ಹೇಳು!”

“ಹನ್ನೊಂದು.”

“ಇಡೀ ಕಾರ್ಖಾನೆಯಲ್ಲಿ ಹನ್ನೊಂದರವ ನೀನೊಬ್ಬನೇ. ನಿನ್ನ ಬದಲಿಯ ಹಿಂದಿನ ತಿಂಗಳು, ಜನವರಿಯಲ್ಲಿ, ಸೇಫ್ಟಿ ಬೂಟಿನ ಆರ್ಡರ್ ಮ್ಯಾನೇಜರ್ ಹತ್ರದಿಂದ ತಿದ್ದಿ ಬಂತು. ನೂರ ಎರಡು ಜೊತೆಗೆ ಬರೆದದ್ದು ನಲವತ್ತೊಂದಾಗಿ ಬಂತು. ಹನ್ನೊಂದರ ಸಾಲಿನಲ್ಲಿ ಸೊನ್ನೆ! ಆಫೀಸಿನಲ್ಲಿ ಕೂತ ನನಗೇ ಗೊತ್ತಿಲ್ಲ ಯಾರನ್ನು ಕೆಲಸದಿಂದ ತೆಗೆದು ಊರಿಗೆ ಕಳಿಸ್ತಾರೆ ಅಂತ. ನಿನ್ನ ಮಾವನಿಗೆ ಗೊತ್ತಾಯ್ತು. ಯಾರ ಕಾಲು ಎಷ್ಟು ಅಂತ ಅವರಿಗೆ ಬಾಯಿಪಾಠ.”

ಕೀರ್ತನ್ ಎತ್ತಿದ ಮುಷ್ಟಿ ಇಳಿಸಿದ. ಬೊನಿಫಾಸ್ ಮುಂದುವರಿಸಿದ.

“ಬೇರೆ ಕಂಪನಿಗೆ ಹೋಗ್ಲಿಕ್ಕೆ ಎನ್‌ಓಸಿ ಬೇಕು. ಆ ಮ್ಯಾನೇಜರ್ ಒಬ್ಬ ಪಿಯೋನಿಗೂ ಕೊಟ್ಟವನಲ್ಲ. ಊರಿಗೆ ಕಳಿಸ್ತೇನೆ, ಇನ್ನೊಂದು ಕಾರ್ಖಾನೆಗೆ ಬಿಡುವುದಿಲ್ಲ ಅಂತ ಹಟ. ಆದ್ರೆ ಆಟದ ಬದಲಿ ಅಂದ್ರೆ? ಸಹಿ! ಮೇಲಿನ ಹಾಳೆ ಟ್ರೇಡು, ಕೆಳಗಿನ ಹಾಳೆ ಎನ್‌ಓಸಿ. ಐದು ಸಲ ನಾನೇ ಟೈಪ್ ಮಾಡಿದ್ದು ಮಾರಾಯಾ. ಬಾಯಿ ಬಿಟ್ರೆ ಆರನೇ ಸಹಿ ಸಿಗುದಿಲ್ಲ ಅಂತ ನಿನ್ನ ಮಾವ ಯಾರಿಗೂ ಹೇಳ್ಲಿಲ್ಲ.”

“ಆಮೇಲೆ?” ಕೀರ್ತನ್ ಕೇಳಿದ. “ಆಮೇಲಾದ್ರೂ ಹೇಳಬಹುದಿತ್ತಲ್ಲ.”

“ಫೋನ್ ಎತ್ತಿದ್ಯಾ ನೀನು?”

ಚೇತನ್ ಮೆಲ್ಲಗೆ ಕೇಳಿದ, “ಬೋನಿ ಸಾರ್, ಎಂಟು?”

“ಎಂಟು ಇತ್ತು. ಬೇಕಾದಷ್ಟು ಇತ್ತು. ಅದಕ್ಕೇ ನಿನ್ನನ್ನು ಕಳಿಸ್ಲಿಲ್ಲ.”

ಸ್ವರ್ಣಲತಾ ಗಂಡನ ಪಾದಗಳನ್ನು ನೋಡುತ್ತಿದ್ದರು. ಹೆಬ್ಬೆರಳುಗಳನ್ನು ದಾರದಿಂದ ಜೋಡಿಸಿ ಕಟ್ಟಿತ್ತು.

“ಆರು?”

ಬೊನಿಫಾಸ್ ಕನ್ನಡಕ ತೆಗೆದ.

“ಅದೂ ಸೊನ್ನೆ, ಸ್ವರ್ಣಕ್ಕ. ನೀವೂ ಎಲ್ಲಿಗಾದ್ರೂ ಹೋಗಿ ಅಂದೆ. ನಕ್ಕರು. ಐವತ್ತು ವರ್ಷದವನನ್ನು ಯಾವ ಟೀಮು ತಗೊಳ್ತದೆ ಬೋನಿ ಅಂದ್ರು.”

ತೃಷಾ ನೆಲದ ಮೇಲಿದ್ದ ನೀರಿನ ಮಡಕೆಯನ್ನು ಎತ್ತಿದಳು. ಕೀರ್ತನನ ಮುಂದೆ ಹಿಡಿದಳು. ಅವನು ಕೈ ಚಾಚಿದಾಗ ಕೊಡಲಿಲ್ಲ.

“ಐ ವಿಲ್ ನೆವರ್ ಫರ್ಗಿವ್ ಯು,” ಎಂದಳು. ಆಮೇಲೆ ಕನ್ನಡದಲ್ಲಿ, “ತಗೊ. ಪಪ್ಪನಿಗೆ ನೀನೇ ಬೇಕಿತ್ತು.”

ತಾಯಿ ಬೇಡವೆನ್ನಲಿಲ್ಲ. ಚೇತನ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ.

*

ಬೂದಿಗೆ ಮೂರು ದಿನ ಕಾಯುವಷ್ಟು ರಜೆ ಯಾರಿಗೂ ಇರಲಿಲ್ಲ. ಸಂಜೆ ಐದಕ್ಕೆ ಸ್ಮಶಾನದ ಕಾವಲುಗಾರ ಉದ್ದ ಹಿಡಿಯ ಸಲಿಕೆಯಿಂದ ಕೆಂಡವನ್ನು ಬದಿಗೆ ಎಳೆದು, ನೀರು ಚಿಮುಕಿಸಿ, “ಯಲ್ಲಾ” ಎಂದು ಅವಸರಿಸಿದ. ಪ್ಯಾಲೆಟ್ಟಿನ ಮೊಳೆಗಳು ಬೂದಿಯ ತುಂಬ ಇದ್ದವು. ಕೀರ್ತನ್ ಅವನ್ನು ಬಿಟ್ಟು ಮೂಳೆಗಳನ್ನು ಮಾತ್ರ ಆರಿಸುತ್ತ ಪಾದದಿಂದ ತಲೆಯ ಕಡೆಗೆ ಬಂದ. ತೃಷಾ ಅಸ್ಥಿಯ ಮಡಕೆ ಹಿಡಿದು ಜೊತೆಗೇ ಸರಿಯುತ್ತಿದ್ದಳು.

ತಲೆಯಿದ್ದ ಜಾಗದಲ್ಲಿ ಮೊಳೆಯಲ್ಲದ ಒಂದು ಲೋಹ ಸಿಕ್ಕಿತು. ಬೆರಳುದ್ದದ ಪಟ್ಟಿ, ದವಡೆಯ ಅಂಚಿಗೆ ತಕ್ಕಂತೆ ಬಾಗಿದ್ದು. ಕಟ್ಟಿಗೆಯ ಬೆಂಕಿಗೆ ಕರಗುವ ಲೋಹವಲ್ಲ. ಮಸಿ ಒರೆಸಿದರೆ ಬಿಳುಪು ಕಾಣುತ್ತಿತ್ತು. ಆರು ಸ್ಕ್ರೂಗಳಲ್ಲಿ ಆರೂ ತಮ್ಮ ತಮ್ಮ ತೂತಿನಲ್ಲೇ ಇದ್ದವು. ಹಿಡಿದುಕೊಳ್ಳಲು ಮೂಳೆ ಮಾತ್ರ ಇರಲಿಲ್ಲ.

“ಕಬ್ಬಿಣ ಅತ್ತ ಹಾಕು,” ಕಾವಲುಗಾರ ಹಿಂದಿಯಲ್ಲಿ ಹೇಳಿದ.

ಅದು ಇನ್ನೂ ಸುಡುತ್ತಿತ್ತು. ಕೀರ್ತನ್ ಅಂಗೈ ಮುಚ್ಚಿದ. ಚರ್ಮ ಸುಡುವ ವಾಸನೆ ತೃಷಾಳಿಗೂ ಬಂತು.

“ಬಿಡು,” ಎಂದಳು ಅವಳು.

ಅವನು ಬಿಡಲಿಲ್ಲ.