ತೆರೆಯ ಮೇಲಷ್ಟೇ ಹುಟ್ಟಿದ ಮಿಕ್ಸರ್

ನಾನು ಒಂದು ಮಿಕ್ಸರ್. ಚಟ್ನಿ ಅರೆಯುವಂಥದ್ದಲ್ಲ, ಜಾರು ತರಬೇಡಿ. ರೇಡಿಯೊದ ಹೊಟ್ಟೆಯಲ್ಲಿ ಕೂತು, ಆಂಟೆನಾಕ್ಕೆ ಬಂದ ಅತಿ ವೇಗದ ಅಲೆಯನ್ನು ನಿಧಾನದ ಅಲೆಯಾಗಿ ಇಳಿಸಿಕೊಡುವ ಸರ್ಕ್ಯೂಟ್. ಇಳಿಯುವಾಗ ಅಲೆ ಎಷ್ಟು ದೊಡ್ಡದಾಯಿತು ಎನ್ನುವುದೇ ಕನ್ವರ್ಷನ್ ಗೇನ್. ನಮ್ಮ ಕುಲದವರ ಯೋಗ್ಯತೆ ಅಳೆಯುವುದು ಅದರಿಂದಲೇ.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಕಾಲೇಜಿನ ಲ್ಯಾಬಿನಲ್ಲಿ, ಕಂಪ್ಯೂಟರಿನ ತೆರೆಯ ಮೇಲೆ. ಮೈ ಎಂಬುದಿಲ್ಲ, ಬರೀ ಗೆರೆಗಳು. ಎಳೆದವಳು ಅಲ್ಲಿ ಸಂಶೋಧನೆ ಮಾಡುತ್ತಿದ್ದ ಸುವರ್ಣಾ ತಳವಾರ. ಅವಳು ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನೊಳಗಿನ ಪರೀಕ್ಷೆ, ಓಡಿಸಿದಾಗಲೆಲ್ಲ ನನ್ನೊಳಗೆ ಲೆಕ್ಕದ ಅಲೆಯೊಂದು ಹಾಯುತ್ತಿತ್ತು. ನಿಜವಾದ ಅಲೆ ಒಂದೂ ಬರಲಿಲ್ಲ.

"ಚಿಪ್ ಆಗಿ ಬಾ, ಮೊದಲನೇ ದಿನಾನ ನಿನಗ ರೇಡಿಯೊ ಹಾಡ ಕೇಳಸ್ತೀನಿ," ಎಂದಳು ಒಮ್ಮೆ, ದುಪಟ್ಟಾದಿಂದ ತೆರೆ ಒರೆಸುತ್ತ. ಆ ಮಾತು ನೆಚ್ಚಿಕೊಂಡು ಎರಡು ವರ್ಷ ಬದುಕಿದೆ.

ಆಮೇಲೆ ಕಾಲೇಜಿಗೆ ಒಂದೇ ಒಂದು ಚಿಪ್ ಮಾಡಿಸುವ ಅವಕಾಶ ಬಂತು. ಗೇನ್ ಹತ್ತು ಡೆಸಿಬೆಲ್ ದಾಟಬೇಕಿತ್ತು. ನಾನು ಹನ್ನೊಂದು ಕೊಟ್ಟೆ. ಅವಳ ಗೈಡ್ ಕುಂದರಗಿ ಸರ್ ಪೇಡೆ ತರಿಸಿದರು.

ನನ್ನ ನಕ್ಷೆಯನ್ನು ಚಿಪ್ ಮಾಡುವವರಿಗೆ ಕಳಿಸುವ ಹಿಂದಿನ ದಿನ ಸುವರ್ಣಾಳ ಕಣ್ಣು ಅದರ ಒಂದು ಮೂಲೆಯ ಮೇಲೆ ಬಿತ್ತು. ನನಗೆ ತಾಳ ಹಾಕುವ ಆಸಿಲೇಟರಿಗೆ, ಎಷ್ಟು ದುಡಿದರೂ ದಣಿಯದ ಕಾಲ್ಪನಿಕ ಬಲ ಕೊಟ್ಟು ಮರೆತಿದ್ದಳು. ಅಂಥದ್ದು ಭೂಮಿಯ ಮೇಲೆಲ್ಲೂ ಇಲ್ಲ. ನಿಜವಾದದ್ದನ್ನು ಇಟ್ಟು ಓಡಿಸಿದಳು. ಆರು ಬಂತು. ಮತ್ತೆ ಓಡಿಸಿದಳು. ಆರೇ.

"ಯಾರ್ ನೋಡ್ತಾರವಾ? ಹನ್ನೊಂದ ಅಂತ ಬರದ್ ಕಳಸು," ಎಂದರು ಸರ್.

"ಚಿಪ್ ಬಂದ್ ಮ್ಯಾಲೆ ಅದ ಹೇಳ್ತೈತಲ್ರಿ ಸರ್. ಆರ್ ಅಂತನ ಬರೀತೀನ್ರಿ."

ಸುಳ್ಳಾದರೂ ಸರಿ, ನನ್ನನ್ನು ಹುಟ್ಟಿಸು ಎಂದು ಮನಸ್ಸಿನಲ್ಲೇ ಅವಳ ಕಾಲು ಹಿಡಿದೆ. ಅವಳು ಆರು ಎಂದೇ ಬರೆದಳು. ಅವಕಾಶ ಪಕ್ಕದ ಲ್ಯಾಬಿನ ಪಾಲಾಯಿತು. ಅವಳು ಬೇರೆ ಸರ್ಕ್ಯೂಟ್ ಮಾಡಿ ಪದವಿ ಪಡೆದಳು, ಅದೇ ಕಾಲೇಜಿನ ಇನ್ನೊಂದು ಕಟ್ಟಡದಲ್ಲಿ ಮೇಡಂ ಆದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ಒಂಬತ್ತು ವರ್ಷ ಕಂಪ್ಯೂಟರು ಮೂಲೆಯಲ್ಲಿ ಬಿದ್ದಿತ್ತು, ನಾನು ಅದರೊಳಗೆ. ಹಲ್ಲಿ ಬಿಟ್ಟರೆ ಯಾರೂ ಹತ್ತಿರ ಸುಳಿಯಲಿಲ್ಲ. ಸತ್ತವರನ್ನು ವರ್ಷಕ್ಕೊಮ್ಮೆಯಾದರೂ ನೆನೆಯುತ್ತಾರೆ. ಹುಟ್ಟದೇ ಇದ್ದವರನ್ನು ಯಾರು ನೆನೆದಾರು?

ಹೋದ ವಾರ ಗುಜರಿಯವನು ಬಂದ. ಹಿಂದೆಯೇ ಸುವರ್ಣಾ ಬಂದಳು. ಕಿವಿಯ ಹತ್ತಿರ ಕೂದಲು ನೆರೆತಿತ್ತು. ನನ್ನನ್ನು ತೆರೆದು ಒಮ್ಮೆ ಓಡಿಸಿದಳು. ಆರು ಬಂತು.

"ಇನ್ನೂ ಆರ ಅಂತೀಯಲ್ಲೋ," ಎಂದು ನಕ್ಕಳು. ಕಣ್ಣು ಒರೆಸಿಕೊಂಡಳು. ಆಮೇಲೆ ಫೋನು ತೆಗೆದು, ರೇಡಿಯೊ ಹಚ್ಚಿ, ಕಂಪ್ಯೂಟರಿಗೆ ಹತ್ತಿರ ಹಿಡಿದಳು.

"ಡಬ್ಬಿಗೆ ಹಾಡ ಕೇಳಸಾಕತ್ತೀರೇನ್ರೀ ಮೇಡಂ?" ಗುಜರಿಯವನಿಗೆ ಸೋಜಿಗ.

"ಹೂನಪಾ. ಮಾತ ಕೊಟ್ಟಿದ್ನಿ."

ಆ ಹಾಡಿನ ಅಲೆಯನ್ನು ಇಳಿಸಿದ್ದು ನಾನಲ್ಲ, ಫೋನಿನೊಳಗೆ ಕೂತಿದ್ದ ನನ್ನ ಕುಲದವನೊಬ್ಬ. ನನಗೆ ಹೊಟ್ಟೆಕಿಚ್ಚಾಯಿತು. ಆದರೂ ಕೊನೆಯವರೆಗೆ ಕೇಳಿದೆ. ಹುಟ್ಟಿದ್ದರೆ ನಾನು ಮಾಡಬೇಕಿದ್ದ ಕೆಲಸ ಇದು ಎಂದು ಅವತ್ತು ಗೊತ್ತಾಯಿತು.

ಹಾಡು ಮುಗಿದ ಮೇಲೆ ಅವಳೇ ಕಂಪ್ಯೂಟರಿನ ಸ್ವಿಚ್ ಆರಿಸಿದಳು.